ಬಿದ್ದವನ ಬಳಿ ನಿಂತವನ ಹೊಣೆ

ಒಂದು ಮದುವೆ ಮಂಟಪ. ಊಟಕ್ಕೆ ಕುಳಿತವರ ನಡುವೆ ಐವತ್ತು ದಾಟಿದ ಒಬ್ಬರು ಮಾತನಾಡುತ್ತಿದ್ದಂತೆಯೇ ಒಮ್ಮೆಲೇ ಕುಸಿದು ಬೀಳುತ್ತಾರೆ. ಕ್ಷಣಮಾತ್ರದಲ್ಲಿ ಸುತ್ತಲೂ ಜನ ನೆರೆಯುತ್ತಾರೆ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ. ಇನ್ನೊಬ್ಬರು ಅಂಗೈಗೆ ಬೀಗದ ಕೈ ಒತ್ತಿ ಹಿಡಿಸುತ್ತಾರೆ. ಮತ್ತೊಬ್ಬರು ಅಂಗಾಲನ್ನು ತಿಕ್ಕುತ್ತಾರೆ. ಯಾರೋ ಕಾರು ತರಲು ಓಡುತ್ತಾರೆ. ಯಾರೋ ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತಿರುತ್ತಾರೆ. ಹತ್ತು ನಿಮಿಷಗಳ ಬಳಿಕ ನಾಲ್ಕು ಮಂದಿ ಸೇರಿ ಎತ್ತಿ ಕಾರಿನ ಹಿಂದಿನ ಸೀಟಿಗೆ ಹಾಕುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ವೈದ್ಯರು ತಲೆಯಲ್ಲಾಡಿಸುತ್ತಾರೆ. ಬಂಧುಗಳು ಕಣ್ಣೊರೆಸಿಕೊಂಡು, "ಆಯುಸ್ಸು ಅಷ್ಟೇ ಇತ್ತು" ಎಂದು ಮರಳುತ್ತಾರೆ.

ಇಂತಹ ದೃಶ್ಯವನ್ನು ನೀವೂ ಎಲ್ಲಾದರೂ ಕಂಡಿರಬಹುದು. ಅಲ್ಲಿ ನೆರೆದವರಲ್ಲಿ ಕರುಣೆಗೆ ಕೊರತೆ ಇರಲಿಲ್ಲ. ಪ್ರತಿಯೊಬ್ಬರೂ ತಮಗೆ ತೋಚಿದ್ದನ್ನು ಮಾಡಿದರು. ಆದರೆ ಮಾಡಲೇಬೇಕಾಗಿದ್ದ ಒಂದೇ ಒಂದು ಕೆಲಸವನ್ನು ಯಾರೂ ಮಾಡಲಿಲ್ಲ. ಏಕೆಂದರೆ ಅದು ಯಾರಿಗೂ ತಿಳಿದಿರಲಿಲ್ಲ. ನಿಂತ ಹೃದಯವನ್ನು ಹೊರಗಿನಿಂದ ಒತ್ತಿ ರಕ್ತ ಹರಿಸುವ ಆ ಕೆಲಸಕ್ಕೆ ಸಿಪಿಆರ್ ಎಂದು ಹೆಸರು. ಅದಕ್ಕೆ ಔಷಧಿ ಬೇಡ, ಪದವಿ ಬೇಡ, ಹಣ ಬೇಡ. ಎರಡು ಕೈ ಮತ್ತು ಸ್ವಲ್ಪ ತಿಳುವಳಿಕೆ ಸಾಕು.

ಓದುಗರೇ, ಕರುಣೆ ಒಂದು ಶ್ರೇಷ್ಠ ಗುಣ. ಆದರೆ ತಿಳುವಳಿಕೆ ಇಲ್ಲದ ಕರುಣೆ ಬಿದ್ದವನ ಬಳಿ ಕಣ್ಣೀರು ಸುರಿಸಬಲ್ಲುದೇ ಹೊರತು ಅವನನ್ನು ಎಬ್ಬಿಸಲಾರದು. ಈ ಲೇಖನದಲ್ಲಿ ನಾವು ಆ ತಿಳುವಳಿಕೆಯ ಕುರಿತೇ ಮಾತನಾಡಲಿದ್ದೇವೆ.

ಕೋಪನ್‌ಹೇಗನ್‌ನ ಒಂದು ಸಂಜೆ

2021ರ ಜೂನ್ 12, ಶನಿವಾರ. ಡೆನ್ಮಾರ್ಕ್ ದೇಶದ ರಾಜಧಾನಿ ಕೋಪನ್‌ಹೇಗನ್‌ನ ಪಾರ್ಕೆನ್ ಕ್ರೀಡಾಂಗಣದಲ್ಲಿ ಯುರೋಪಿನ ಫುಟ್‌ಬಾಲ್ ಪಂದ್ಯಾವಳಿಯ ಅಂಗವಾಗಿ ಡೆನ್ಮಾರ್ಕ್ ಮತ್ತು ಫಿನ್ಲೆಂಡ್ ತಂಡಗಳು ಸೆಣಸುತ್ತಿದ್ದವು. ಮೊದಲರ್ಧ ಮುಗಿಯಲು ಕೆಲವೇ ನಿಮಿಷಗಳಿದ್ದವು. ಡೆನ್ಮಾರ್ಕಿನ ಪ್ರಸಿದ್ಧ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಗೆರೆಯ ಬಳಿ ಚೆಂಡಿಗಾಗಿ ಮುಂದೆ ಬಂದವರು ತಟ್ಟನೆ ಮುಗ್ಗರಿಸಿ ನೆಲಕ್ಕುರುಳಿದರು. ಯಾರೂ ಅವರಿಗೆ ಡಿಕ್ಕಿ ಹೊಡೆದಿರಲಿಲ್ಲ. ವಯಸ್ಸು 29. ದಿನವೂ ಮೈಲುಗಟ್ಟಲೆ ಓಡುವ ದೇಹ. ಆದರೂ ಆ ಕ್ಷಣದಲ್ಲಿ ಅವರ ಹೃದಯ ನಿಂತುಹೋಗಿತ್ತು.

ಮುಂದೆ ನಡೆದುದನ್ನು ಗಮನವಿಟ್ಟು ನೋಡಿರಿ. ರೆಫರಿ ತಡಮಾಡದೆ ಆಟ ನಿಲ್ಲಿಸಿ ವೈದ್ಯರನ್ನು ಕರೆದರು. ತಂಡದ ನಾಯಕ ಸಿಮೋನ್ ಕೇರ್ ಓಡಿ ಬಂದು ಎರಿಕ್ಸನ್‌ರ ಉಸಿರಿನ ದಾರಿ ಕಟ್ಟದಂತೆ ನೋಡಿಕೊಂಡರು. ವೈದ್ಯಕೀಯ ತಂಡ ಮೈದಾನದಲ್ಲಿಯೇ ಎದೆಯನ್ನು ಒತ್ತತೊಡಗಿತು. ಡಿಫಿಬ್ರಿಲೇಟರ್ ಎಂಬ ಯಂತ್ರದಿಂದ ಒಂದು ವಿದ್ಯುದಾಘಾತ ನೀಡಲಾಯಿತು. ಒಂದೇ ಆಘಾತಕ್ಕೆ ಹೃದಯ ಮತ್ತೆ ಬಡಿಯತೊಡಗಿತು. ಆಸ್ಪತ್ರೆಗೆ ಸಾಗಿಸುವ ಮುನ್ನವೇ ಅವರು ಕಣ್ತೆರೆದಿದ್ದರು. ಆತ ಹೊರಟೇ ಹೋಗಿದ್ದ, ನಾವು ಹೃದಯವನ್ನು ಮರಳಿ ಬಡಿಯುವಂತೆ ಮಾಡಿದೆವು ಎಂಬ ಅರ್ಥದ ಮಾತನ್ನು ತಂಡದ ವೈದ್ಯ ಮಾರ್ಟನ್ ಬೋಸನ್ ಮರುದಿನ ಹೇಳಿದರು.

ಈ ನಡುವೆ ಇನ್ನೊಂದು ಕೆಲಸವೂ ನಡೆದಿತ್ತು. ಡೆನ್ಮಾರ್ಕಿನ ಆಟಗಾರರು ಬಿದ್ದ ಗೆಳೆಯನ ಸುತ್ತ ವೃತ್ತಾಕಾರವಾಗಿ ನಿಂತರು. ಲಕ್ಷಾಂತರ ಕಣ್ಣುಗಳಿಂದಲೂ ಕ್ಯಾಮೆರಾಗಳಿಂದಲೂ ಅವರನ್ನು ಮರೆಮಾಡಿದರು. ಅವರಲ್ಲಿ ಕೆಲವರು ಅಳುತ್ತಿದ್ದರು. ಆದರೂ ನಿಂತ ಜಾಗ ಬಿಟ್ಟು ಕದಲಲಿಲ್ಲ.

ಎರಿಕ್ಸನ್‌ರ ಎದೆಯೊಳಗೆ ಒಂದು ಪುಟ್ಟ ಯಂತ್ರವನ್ನು ಅಳವಡಿಸಲಾಯಿತು. ಹೃದಯದ ಬಡಿತ ಮತ್ತೆ ಹಾದಿ ತಪ್ಪಿದರೆ ಅದು ತಾನಾಗಿಯೇ ಸರಿಪಡಿಸುತ್ತದೆ. 2022ರ ಫೆಬ್ರವರಿಯಲ್ಲಿ ಅವರು ಇಂಗ್ಲೆಂಡಿನಲ್ಲಿ ಮತ್ತೆ ಮೈದಾನಕ್ಕಿಳಿದರು. 2024ರ ಜೂನ್ 16ರಂದು, ಅಂದರೆ ಬಿದ್ದ ದಿನದಿಂದ ಸರಿಯಾಗಿ 1100 ದಿನಗಳ ಬಳಿಕ, ಅದೇ ಪಂದ್ಯಾವಳಿಯಲ್ಲಿ ಸ್ಲೊವೇನಿಯಾ ವಿರುದ್ಧ ತಮ್ಮ ದೇಶಕ್ಕಾಗಿ ಗೋಲು ಹೊಡೆದರು.

ಇದನ್ನು ಓದಿದ ನೀವು, "ಅಲ್ಲಿ ವೈದ್ಯರಿದ್ದರು, ಯಂತ್ರವಿತ್ತು. ನಮ್ಮ ಮನೆಯಲ್ಲಿ, ನಮ್ಮ ಅಂಗಡಿಯಲ್ಲಿ ಏನಿದೆ?" ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉತ್ತರವನ್ನು ತಿಳಿಯಬೇಕಾದರೆ ಮೊದಲು ಹೃದಯ ನಿಂತಾಗ ಒಳಗೆ ಏನು ನಡೆಯುತ್ತದೆಂಬುದನ್ನು ಅರಿಯಬೇಕು.

ಹೃದಯ ನಿಂತಾಗ

ನಮ್ಮಲ್ಲಿ ಹೆಚ್ಚಿನವರು ಹೃದಯಾಘಾತ ಮತ್ತು ಹೃದಯ ಸ್ತಂಭನ ಎರಡೂ ಒಂದೇ ಎಂದು ಭಾವಿಸಿದ್ದಾರೆ. ಇದು ಸರಿಯಲ್ಲ. ಹೃದಯದ ಸ್ನಾಯುಗಳಿಗೆ ರಕ್ತ ಒಯ್ಯುವ ನಾಳವೊಂದು ಕಟ್ಟಿಕೊಂಡರೆ ಅದು ಹೃದಯಾಘಾತ. ಆಗ ಎದೆನೋವು, ಬೆವರು, ಸಂಕಟ ಇರಬಹುದು. ಆದರೆ ರೋಗಿ ಸಾಮಾನ್ಯವಾಗಿ ಎಚ್ಚರವಿರುತ್ತಾನೆ, ಉಸಿರಾಡುತ್ತಾನೆ, ಮಾತನಾಡುತ್ತಾನೆ. ಅವನನ್ನು ಕೂಡಲೇ ಆಸ್ಪತ್ರೆಗೆ ತಲುಪಿಸಬೇಕು. ಹೃದಯ ಸ್ತಂಭನವೆಂದರೆ ಹೃದಯವು ರಕ್ತವನ್ನು ತಳ್ಳುವ ಕೆಲಸವನ್ನೇ ನಿಲ್ಲಿಸುವುದು. ಅನೇಕ ಸಲ ಇದು ಹೃದಯದೊಳಗಿನ ವಿದ್ಯುತ್ ಸಂಚಾರ ಅಸ್ತವ್ಯಸ್ತವಾಗಿ ಸ್ನಾಯುಗಳು ಲಯವಿಲ್ಲದೆ ಅದುರುವುದರಿಂದ ಉಂಟಾಗುತ್ತದೆ. ಮನುಷ್ಯ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಹೃದಯಾಘಾತವು ಹೃದಯ ಸ್ತಂಭನಕ್ಕೆ ಕಾರಣವಾಗಬಹುದು. ಆದರೆ ಎರಿಕ್ಸನ್‌ರಂತೆ ಆರೋಗ್ಯವಂತರಾಗಿ ಕಾಣುವವರಲ್ಲೂ ಇದು ಸಂಭವಿಸಬಹುದು.

ಹೃದಯ ನಿಂತೊಡನೆ ಮೆದುಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಮೆದುಳು ಬಹಳ ಹೊತ್ತು ಕಾಯಲಾರದು. ನಾಲ್ಕರಿಂದ ಆರು ನಿಮಿಷಗಳೊಳಗೆ ಅದಕ್ಕೆ ಹಾನಿ ಆರಂಭವಾಗುತ್ತದೆ. ಯಾರೂ ಏನೂ ಮಾಡದೆ ಕಳೆಯುವ ಪ್ರತಿಯೊಂದು ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆಯು ನೂರಕ್ಕೆ ಏಳರಿಂದ ಹತ್ತರಷ್ಟು ಕುಸಿಯುತ್ತದೆ. ನೀವೇ ಲೆಕ್ಕ ಹಾಕಿ ನೋಡಿ. ನಿಮ್ಮ ಮನೆಗೆ ಅತ್ಯುತ್ತಮ ಆಂಬ್ಯುಲೆನ್ಸ್ ಎಷ್ಟು ನಿಮಿಷಗಳಲ್ಲಿ ಬಂದೀತು? ಹತ್ತು? ಹದಿನೈದು? ಹಳ್ಳಿಯಾದರೆ ಅರ್ಧ ಗಂಟೆ? ವೈದ್ಯ ಎಷ್ಟೇ ನಿಪುಣನಾಗಿರಲಿ, ಹತ್ತು ನಿಮಿಷಗಳ ಬಳಿಕ ಬಂದವನ ಕೈಗೆ ಸಿಗುವುದು ಆ ಹತ್ತು ನಿಮಿಷಗಳಲ್ಲಿ ಉಳಿದದ್ದು ಮಾತ್ರ. ಆ ನಿಮಿಷಗಳ ಒಡೆಯ ವೈದ್ಯನಲ್ಲ. ಬಿದ್ದವನ ಬಳಿ ನಿಂತಿರುವ ನೀವು.

ಎದೆಯನ್ನು ಒತ್ತುವುದರಿಂದ ಹೃದಯ ತಾನಾಗಿ ಬಡಿಯತೊಡಗುವುದು ಅಪರೂಪ. ಹಾಗಾದರೆ ಅದರ ಪ್ರಯೋಜನವೇನು? ಎದೆಯ ಮೂಳೆಯನ್ನು ಒತ್ತಿದಾಗ ಒಳಗಿರುವ ರಕ್ತ ಹೊರಗೆ ತಳ್ಳಲ್ಪಡುತ್ತದೆ. ಬಿಟ್ಟಾಗ ಮತ್ತೆ ತುಂಬಿಕೊಳ್ಳುತ್ತದೆ. ಸಹಜ ಹರಿವಿನ ಒಂದು ಸಣ್ಣ ಪಾಲು ಮಾತ್ರ ಇದರಿಂದ ಮೆದುಳನ್ನು ತಲುಪುತ್ತದೆ. ಆದರೆ ಆರುತ್ತಿರುವ ದೀಪಕ್ಕೆ ಗಾಳಿಯಿಂದ ಮರೆ ಮಾಡುವ ಅಂಗೈಯಂತೆ, ಆ ಸಣ್ಣ ಪಾಲೇ ಮೆದುಳನ್ನು ಕಾಯುತ್ತದೆ. ವಿದ್ಯುದಾಘಾತ ನೀಡುವ ಯಂತ್ರ ಬರುವ ತನಕ, ವೈದ್ಯರು ತಲುಪುವ ತನಕ, ಜೀವವನ್ನು ಹಿಡಿದಿಡುತ್ತದೆ.

ಎರಡು ಕೈಗಳ ವಿದ್ಯೆ

ಈ ವಿದ್ಯೆ ಬಹಳ ಹಳೆಯದೇನೂ ಅಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದ ತನಕ ನಿಂತ ಹೃದಯವನ್ನು ನಡೆಸಬೇಕಾದರೆ ವೈದ್ಯರು ರೋಗಿಯ ಎದೆಯನ್ನು ಸೀಳಿ, ಹೃದಯವನ್ನು ಕೈಯಲ್ಲಿ ಹಿಡಿದು ಹಿಂಡಬೇಕಾಗಿತ್ತು. ಅದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಮಾತ್ರ ಸಾಧ್ಯವಾದ ಕೆಲಸ. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ವಿಲಿಯಂ ಕೌವೆನ್‌ಹೋವನ್, ಜೇಮ್ಸ್ ಜೂಡ್ ಮತ್ತು ಗೈ ನಿಕರ್‌ಬಾಕರ್ ಎಂಬವರು ವಿದ್ಯುದಾಘಾತದ ಬಗ್ಗೆ ಪ್ರಯೋಗ ನಡೆಸುತ್ತಿದ್ದರು. ನಾಯಿಯ ಎದೆಯ ಮೇಲೆ ಭಾರವಾದ ಲೋಹದ ಹಿಡಿಕೆಗಳನ್ನು ಒತ್ತಿದಾಗ, ವಿದ್ಯುತ್ ಹರಿಸುವ ಮೊದಲೇ ಅದರ ರಕ್ತದೊತ್ತಡ ಸ್ವಲ್ಪ ಏರುವುದನ್ನು ನಿಕರ್‌ಬಾಕರ್ ಗಮನಿಸಿದರು. ಬೇರೊಬ್ಬರು ಕಡೆಗಣಿಸಬಹುದಾಗಿದ್ದ ಆ ಸಣ್ಣ ಏರಿಕೆಯನ್ನು ಅವರು ಕಡೆಗಣಿಸಲಿಲ್ಲ. ಎದೆಯನ್ನು ಸೀಳದೆಯೇ, ಹೊರಗಿನಿಂದ ಒತ್ತಿ ರಕ್ತ ಹರಿಸಬಹುದೆಂಬುದು ಹೀಗೆ ತಿಳಿದುಬಂತು. 1960ರಲ್ಲಿ ಮೂವರೂ ಸೇರಿ ಅದನ್ನು ಪ್ರಕಟಿಸಿದರು. ಬಾಯಿಯಿಂದ ಬಾಯಿಗೆ ಉಸಿರು ನೀಡುವ ಕ್ರಮವನ್ನು ಪೀಟರ್ ಸಫಾರ್ ಮತ್ತು ಜೇಮ್ಸ್ ಎಲಾಮ್ 1950ರ ದಶಕದಲ್ಲಿಯೇ ಶಾಸ್ತ್ರೀಯವಾಗಿ ತೋರಿಸಿದ್ದರು. ಎರಡೂ ಸೇರಿ ಇಂದಿನ ಸಿಪಿಆರ್ ಆಯಿತು.

ಆಸ್ಪತ್ರೆಯ ಗೋಡೆಗಳೊಳಗಿದ್ದ ವಿದ್ಯೆ ಅಂದು ಬೀದಿಗೆ ಬಂತು. ಇದರೊಂದಿಗೆ ಒಂದು ಹೊಣೆಯೂ ಬಂತು. ವೈದ್ಯನಿಗೆ ಮಾತ್ರ ಸಾಧ್ಯವಾಗಿದ್ದಾಗ ಸಾಮಾನ್ಯನು ಕೈಕಟ್ಟಿ ನಿಂತರೆ ತಪ್ಪಿರಲಿಲ್ಲ. ಎಲ್ಲರಿಗೂ ಸಾಧ್ಯವಾದ ಬಳಿಕ "ನನಗೆ ಗೊತ್ತಿರಲಿಲ್ಲ" ಎಂಬ ಉತ್ತರ ಎಷ್ಟು ಕಾಲ ನಡೆದೀತು?

ಒಂದು ನಾಡು ಕಲಿತ ಪಾಠ

ಈಗ ಮತ್ತೆ ಡೆನ್ಮಾರ್ಕಿಗೆ ಬರೋಣ. ಎರಿಕ್ಸನ್‌ರನ್ನು ಉಳಿಸಿದ್ದು ಮೈದಾನದ ವೈದ್ಯರು, ನಿಜ. ಆದರೆ ಆ ನಾಡಿನ ಸಾಮಾನ್ಯ ಜನರ ಕಥೆ ಇದಕ್ಕಿಂತಲೂ ದೊಡ್ಡದು.

2001ರಲ್ಲಿ ಡೆನ್ಮಾರ್ಕಿನಲ್ಲಿ ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನಕ್ಕೊಳಗಾದ ನೂರು ಮಂದಿಯಲ್ಲಿ ಸುಮಾರು 21 ಮಂದಿಗೆ ಮಾತ್ರ ಬಳಿಯಲ್ಲಿದ್ದವರಿಂದ ಸಿಪಿಆರ್ ಸಿಗುತ್ತಿತ್ತು. ಉಳಿದವರಿಗೆ ಅದು ಸಿಗುತ್ತಿರಲಿಲ್ಲ. ಒಂದು ತಿಂಗಳ ಬಳಿಕ ಬದುಕಿರುತ್ತಿದ್ದವರು ನೂರರಲ್ಲಿ ಮೂರು ನಾಲ್ಕು ಮಂದಿ ಮಾತ್ರ. ಆ ನಾಡಿನವರು ಇದನ್ನು ವಿಧಿಯೆಂದು ಒಪ್ಪಿ ಸುಮ್ಮನಾಗಲಿಲ್ಲ. 2005ರಲ್ಲಿ ಶಾಲಾ ಮಕ್ಕಳಿಗೆ ಈ ತರಬೇತಿಯನ್ನು ಕಡ್ಡಾಯಗೊಳಿಸಿದರು. 2006ರಲ್ಲಿ ವಾಹನ ಚಾಲನೆಯ ಪರವಾನಿಗೆ ಪಡೆಯುವವರೂ ಇದನ್ನು ಕಲಿಯಬೇಕೆಂದು ನಿಯಮ ಮಾಡಿದರು. ಸಾರ್ವಜನಿಕ ಸ್ಥಳಗಳಲ್ಲಿ ಡಿಫಿಬ್ರಿಲೇಟರ್ ಯಂತ್ರಗಳನ್ನು ಇರಿಸಿದರು. ಕರೆ ಸ್ವೀಕರಿಸುವ ಕೇಂದ್ರದಿಂದಲೇ ಫೋನಿನಲ್ಲಿ ಮಾರ್ಗದರ್ಶನ ನೀಡುವ ವ್ಯವಸ್ಥೆಯನ್ನು ಬಲಪಡಿಸಿದರು.

ಫಲವೇನಾಯಿತು? 2010ರ ಹೊತ್ತಿಗೆ ಬಳಿಯಲ್ಲಿದ್ದವರಿಂದ ಸಿಪಿಆರ್ ಪಡೆದವರ ಪ್ರಮಾಣ ಶೇಕಡಾ 45ರ ಸಮೀಪಕ್ಕೆ ಏರಿತು. ಒಂದು ತಿಂಗಳ ಬಳಿಕ ಬದುಕಿರುವವರ ಪ್ರಮಾಣ ಶೇಕಡಾ 3.5ರಿಂದ 10.8ಕ್ಕೆ, ಅಂದರೆ ಮೂರು ಪಟ್ಟು ಹೆಚ್ಚಾಯಿತು. ಆಸ್ಪತ್ರೆಗಳ ಚಿಕಿತ್ಸೆ ಸುಧಾರಿಸಿದ್ದೂ ಇದರಲ್ಲಿ ಪಾಲು ಪಡೆದಿದೆ ಎಂಬುದನ್ನು ಮರೆಯಬಾರದು. ಆದರೆ ಅಧ್ಯಯನ ನಡೆಸಿದವರು ಸಾಮಾನ್ಯ ಜನರ ಕೈಗಳಿಗೂ ಈ ಏರಿಕೆಗೂ ನಿಕಟ ಸಂಬಂಧವನ್ನು ಕಂಡರು. ಬದುಕಿದವರು ಹೇಗೆ ಬದುಕಿದರು ಎಂಬುದನ್ನೂ ಅವರು ನೋಡಿದರು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಬಳಿಯಲ್ಲಿದ್ದವರಿಂದ ಸಿಪಿಆರ್ ಪಡೆದವರಲ್ಲಿ ಮೆದುಳಿನ ಹಾನಿಯೂ ಪರಾಧೀನವಾಗಿ ಆರೈಕೆ ಕೇಂದ್ರ ಸೇರಬೇಕಾದ ಸ್ಥಿತಿಯೂ ಕಡಿಮೆಯಿತ್ತು.

2017ರಲ್ಲಿ ರಾಜಧಾನಿ ಪ್ರದೇಶದಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಅದಕ್ಕೆ ಹೃದಯ ಓಟಗಾರರು ಎಂಬರ್ಥದ ಹೆಸರು. ಸ್ವಯಂಸೇವಕರು ತಮ್ಮ ಮೊಬೈಲಿನಲ್ಲಿ ಹೆಸರು ನೋಂದಾಯಿಸಿಕೊಂಡಿರುತ್ತಾರೆ. ಸಮೀಪದಲ್ಲಿ ಯಾರದಾದರೂ ಹೃದಯ ನಿಂತ ಕರೆ ಬಂದರೆ ಆಂಬ್ಯುಲೆನ್ಸಿನೊಂದಿಗೆ ಇವರಿಗೂ ಸೂಚನೆ ಹೋಗುತ್ತದೆ. ಒಬ್ಬ ಯಂತ್ರ ತರಲು ಓಡುತ್ತಾನೆ, ಇನ್ನೊಬ್ಬ ಎದೆ ಒತ್ತಲು ಓಡುತ್ತಾನೆ. ಬಿದ್ದವನು ಯಾರು, ಯಾವ ಊರಿನವನು, ಯಾವ ಭಾಷೆಯವನು ಎಂದು ಅವರು ಕೇಳುವುದಿಲ್ಲ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಶಾಲೆಗಳಲ್ಲಿ ಕಡ್ಡಾಯವೆಂದು ಕಾನೂನು ಮಾಡಿದ ಮೇಲೂ ಅನೇಕ ಶಾಲೆಗಳು ವರ್ಷಗಟ್ಟಲೆ ಅದನ್ನು ಪೂರ್ಣವಾಗಿ ಜಾರಿಗೆ ತರಲಿಲ್ಲವೆಂದು ಅಲ್ಲಿನವರೇ ಒಪ್ಪಿಕೊಂಡಿದ್ದಾರೆ. ಕಾನೂನು ಕಾಗದದಲ್ಲಿದ್ದರೆ ಸಾಲದು. ಅದು ಕೈಗಳಿಗೆ ಇಳಿಯಬೇಕು.

ನೀವು ಮಾಡಬೇಕಾದುದೇನು?

ದೊಡ್ಡವರೊಬ್ಬರು ನಿಮ್ಮ ಕಣ್ಣೆದುರು ಕುಸಿದು ಬಿದ್ದರೆ ಈ ಕ್ರಮವನ್ನು ನೆನಪಿಡಿರಿ.

ಮೊದಲನೆಯದು, ಜಾಗ ಸುರಕ್ಷಿತವೇ ಎಂದು ನೋಡಿ. ವಿದ್ಯುತ್ ತಂತಿ ತಗುಲಿದ್ದರೆ ಮೊದಲು ವಿದ್ಯುತ್ ನಿಲ್ಲಿಸಿರಿ. ರಸ್ತೆಯಾಗಿದ್ದರೆ ವಾಹನಗಳನ್ನು ತಡೆಯಲು ಒಬ್ಬರನ್ನು ನಿಲ್ಲಿಸಿರಿ.

ಎರಡನೆಯದು, ಎರಡೂ ಭುಜಗಳನ್ನು ತಟ್ಟಿ ಗಟ್ಟಿಯಾಗಿ ಕರೆಯಿರಿ. ಉತ್ತರವಿಲ್ಲವೇ? ಎದೆ ಏರಿಳಿಯುತ್ತಿದೆಯೇ ಎಂದು ನೋಡಿ. ಇದಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಳೆಯಬೇಡಿ. ಇಲ್ಲಿಯೇ ಅನೇಕರು ಮೋಸಹೋಗುತ್ತಾರೆ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಏದುಸಿರು ಬಿಡುತ್ತಾರೆ, ಗೊರಕೆಯಂತಹ ಸದ್ದು ಬರುತ್ತದೆ. ನೋಡಿದವರು "ಉಸಿರಿದೆ, ಗಾಬರಿ ಬೇಡ" ಎನ್ನುತ್ತಾರೆ. ಅದು ಉಸಿರಾಟವಲ್ಲ, ಸಾಯುತ್ತಿರುವ ದೇಹದ ಒದ್ದಾಟ. ಎಚ್ಚರವಿಲ್ಲ, ಸರಿಯಾದ ಉಸಿರಾಟವಿಲ್ಲ ಎಂದಾದರೆ ಹೃದಯ ನಿಂತಿದೆಯೆಂದೇ ತಿಳಿಯಿರಿ. ನಾಡಿ ಹುಡುಕುತ್ತ ಕೂರಬೇಡಿ.

ಮೂರನೆಯದು, 108ಕ್ಕೆ ಅಥವಾ 112ಕ್ಕೆ ಕರೆ ಮಾಡಿಸಿರಿ. "ಯಾರಾದರೂ ಫೋನ್ ಮಾಡಿ" ಎಂದು ಗುಂಪಿಗೆ ಹೇಳಿದರೆ ಪ್ರತಿಯೊಬ್ಬರೂ ಇನ್ನೊಬ್ಬರು ಮಾಡುತ್ತಾರೆಂದು ಸುಮ್ಮನಿರುತ್ತಾರೆ. ಒಬ್ಬರತ್ತ ಬೆರಳು ತೋರಿಸಿ, "ನೀವು ಮಾಡಿ" ಎಂದು ಹೇಳಿರಿ. ಒಬ್ಬರೇ ಇದ್ದರೆ ಫೋನಿನ ಸ್ಪೀಕರ್ ಹಾಕಿ ನೆಲದಲ್ಲಿಟ್ಟು, ಮಾತನಾಡುತ್ತಲೇ ಕೆಲಸ ಆರಂಭಿಸಿರಿ.

ನಾಲ್ಕನೆಯದು, ರೋಗಿಯನ್ನು ಗಟ್ಟಿಯಾದ ನೆಲದ ಮೇಲೆ ಅಂಗಾತ ಮಲಗಿಸಿರಿ. ಮೆತ್ತನೆಯ ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆ ಕುಗ್ಗುತ್ತದೆಯೇ ಹೊರತು ಎದೆ ಕುಗ್ಗುವುದಿಲ್ಲ. ಪಕ್ಕದಲ್ಲಿ ಮೊಣಕಾಲೂರಿ ಕುಳಿತು, ಒಂದು ಅಂಗೈಯ ಬುಡವನ್ನು ಎದೆಯ ನಡುವೆ, ಎದೆಮೂಳೆಯ ಕೆಳಗಿನ ಅರ್ಧಭಾಗದ ಮೇಲೆ ಇಡಿ. ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು ಬೆರಳುಗಳನ್ನು ಹೆಣೆಯಿರಿ. ಮೊಣಕೈ ಮಡಚಬಾರದು. ನಿಮ್ಮ ಭುಜಗಳು ನೇರವಾಗಿ ಕೈಗಳ ಮೇಲಿರಲಿ. ಮೈಭಾರವನ್ನು ಹಾಕಿ ಎದೆಯನ್ನು 5ರಿಂದ 6 ಸೆಂಟಿಮೀಟರ್‌ನಷ್ಟು ಕೆಳಕ್ಕೆ ಒತ್ತಿರಿ. ಪ್ರತಿ ಸಲವೂ ಎದೆ ಪೂರ್ತಿ ಮೇಲಕ್ಕೆ ಬರಲು ಬಿಡಿ. ನಿಮಿಷಕ್ಕೆ 100ರಿಂದ 120 ಸಲ, ಅಂದರೆ ಒಂದು ಸೆಕೆಂಡಿಗೆ ಸುಮಾರು ಎರಡು ಸಲ. ಬಾಯಲ್ಲಿ ಎಣಿಸುತ್ತ ಒತ್ತಿದರೆ ಲಯ ತಪ್ಪುವುದಿಲ್ಲ.

ಐದನೆಯದು, ನಿಲ್ಲಿಸಬೇಡಿ. ಇದು ಬಹಳ ದಣಿವಿನ ಕೆಲಸ. ಎರಡು ನಿಮಿಷಗಳಲ್ಲಿ ತೋಳು ಸೋಲುತ್ತದೆ. ಆದುದರಿಂದ ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಕೈ ಬದಲಾಯಿಸಲಿ. ತರಬೇತಿ ಪಡೆದವರು 30 ಸಲ ಒತ್ತಿ 2 ಸಲ ಬಾಯಿಯಿಂದ ಉಸಿರು ನೀಡಬಹುದು. ತರಬೇತಿ ಇಲ್ಲದವರು ಅಥವಾ ಅದಕ್ಕೆ ಮನಸ್ಸು ಒಪ್ಪದವರು ಎದೆ ಒತ್ತುವುದನ್ನು ಮಾತ್ರ ಮಾಡಿದರೂ ಸಾಕು. ಆದರೆ ಮಕ್ಕಳಲ್ಲಿಯೂ ನೀರಿನಲ್ಲಿ ಮುಳುಗಿದವರಲ್ಲಿಯೂ ಉಸಿರು ಕಟ್ಟಿದ್ದೇ ಮೂಲ ಕಾರಣವಾಗಿರುವುದರಿಂದ ಅವರಿಗೆ ಉಸಿರು ನೀಡುವುದು ಬಹಳ ಮುಖ್ಯ. ಹಸುಗೂಸುಗಳಿಗೆ ಮಾಡುವ ವಿಧಾನವೇ ಬೇರೆ. ಅದನ್ನು ತರಬೇತಿಯಲ್ಲಿ ಕೈಯಿಂದಲೇ ಕಲಿಯಬೇಕು.

ಆರನೆಯದು, ಸಮೀಪದಲ್ಲಿ ಎಇಡಿ ಎಂಬ ಯಂತ್ರವಿದ್ದರೆ ತರಿಸಿರಿ. ಕೆಲವು ವಿಮಾನ ನಿಲ್ದಾಣ, ಮೆಟ್ರೋ ನಿಲ್ದಾಣ, ದೊಡ್ಡ ಮಳಿಗೆಗಳಲ್ಲಿ ಇದನ್ನು ಕಾಣಬಹುದು. ಗುಂಡಿ ಒತ್ತಿದರೆ ಅದೇ ಮಾತನಾಡಿ ದಾರಿ ತೋರಿಸುತ್ತದೆ. ಎರಡು ಅಂಟುಪಟ್ಟಿಗಳನ್ನು ಚಿತ್ರದಲ್ಲಿ ತೋರಿಸಿದಂತೆ ಬರಿಯ ಎದೆಗೆ ಅಂಟಿಸಬೇಕು. ಆಘಾತ ಬೇಕೋ ಬೇಡವೋ ಎಂಬುದನ್ನು ಯಂತ್ರವೇ ತೀರ್ಮಾನಿಸುತ್ತದೆ. ಬೇಡವಾದಲ್ಲಿ ಅದು ಆಘಾತ ನೀಡುವುದಿಲ್ಲ. ಆಘಾತ ನೀಡುವಾಗ ಯಾರೂ ರೋಗಿಯನ್ನು ಮುಟ್ಟಿರಬಾರದು. ಬಳಿಕ ಕೂಡಲೇ ಮತ್ತೆ ಒತ್ತಲು ಆರಂಭಿಸಬೇಕು.

ಆಂಬ್ಯುಲೆನ್ಸಿನವರು ಬಂದು ಕೈಗೆತ್ತಿಕೊಳ್ಳುವ ತನಕ ಅಥವಾ ರೋಗಿ ಸರಿಯಾಗಿ ಉಸಿರಾಡಿ ಕದಲುವ ತನಕ ಇದನ್ನು ಮುಂದುವರಿಸಿರಿ. ಓಡುವ ಕಾರಿನ ಹಿಂದಿನ ಸೀಟಿನಲ್ಲಿ ಮಡಚಿ ಮಲಗಿಸಿದವನಿಗೆ ಯಾರೂ ಸರಿಯಾಗಿ ಸಿಪಿಆರ್ ನೀಡಲಾರರು ಎಂಬುದನ್ನು ನೆನಪಿಡಿ.

ನಮ್ಮನ್ನು ತಡೆಯುವ ಭಯಗಳು

ಗೊತ್ತಿದ್ದರೂ ಮುಂದೆ ಬಾರದವರಿದ್ದಾರೆ. ಅವರನ್ನು ತಡೆಯುವುದು ಕೆಲವು ಭಯಗಳು. ಅವನ್ನು ಒಂದೊಂದಾಗಿ ನೋಡೋಣ.

"ತಪ್ಪು ಮಾಡಿದರೆ? ಪಕ್ಕೆಲುಬು ಮುರಿದರೆ?" ಮುರಿಯಬಹುದು. ವೈದ್ಯರು ಮಾಡಿದರೂ ಕೆಲವೊಮ್ಮೆ ಮುರಿಯುತ್ತದೆ. ಮುರಿದ ಎಲುಬು ಕೂಡಿಕೊಳ್ಳುತ್ತದೆ. ನಿಂತ ಹೃದಯ ತಾನಾಗಿ ಹೊರಡುವುದಿಲ್ಲ. ಹೃದಯ ನಿಂತವನಿಗೆ ಏನೂ ಮಾಡದೆ ನಿಲ್ಲುವುದಕ್ಕಿಂತ ದೊಡ್ಡ ಹಾನಿಯನ್ನು ನಿಮ್ಮ ಕೈಗಳು ಮಾಡಲಾರವು.

"ಪೊಲೀಸ್, ಕೋರ್ಟು ಎಂದು ಅಲೆಯಬೇಕಾದೀತು." ಈ ಭಯ ನಮ್ಮ ನಾಡಿನಲ್ಲಿ ಬಹಳ ಜೀವಗಳನ್ನು ತೆಗೆದಿದೆ. ಆದರೆ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದ ವ್ಯಕ್ತಿಯ ಒಳಿತಿಗಾಗಿ ಪ್ರಾಮಾಣಿಕವಾಗಿ ಮಾಡಿದ ಕೆಲಸ ಅಪರಾಧವಲ್ಲವೆಂದು ಭಾರತೀಯ ದಂಡ ಸಂಹಿತೆಯ 92ನೇ ಕಲಮು ಹಿಂದಿನಿಂದಲೂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು ಅದನ್ನೇ ಉಳಿಸಿಕೊಂಡಿದೆ. ರಸ್ತೆ ಅಪಘಾತದಲ್ಲಿ ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟು 2016ರಲ್ಲಿ ಬಲ ನೀಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಅಂತಹ ರಕ್ಷಣೆಯನ್ನು ಸೇರಿಸಲಾಯಿತು.

"ಬಿದ್ದವಳು ಹೆಣ್ಣು. ಹೇಗೆ ಮುಟ್ಟುವುದು?" ಈ ಸಂಕೋಚ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಕುಸಿದ ಪುರುಷರಲ್ಲಿ ಶೇಕಡಾ 45 ಮಂದಿಗೆ ಬಳಿಯಲ್ಲಿದ್ದವರಿಂದ ಸಿಪಿಆರ್ ಸಿಕ್ಕಿದರೆ ಮಹಿಳೆಯರಲ್ಲಿ ಶೇಕಡಾ 39 ಮಂದಿಗೆ ಮಾತ್ರ ಸಿಕ್ಕಿತ್ತು. ಸಂಕೋಚ ಒಂದು ಒಳ್ಳೆಯ ಗುಣ. ಆದರೆ ಅದು ಒಬ್ಬಾಕೆಯ ಸಾವಿಗೆ ಕಾರಣವಾಗುವುದಾದರೆ ಅದನ್ನು ಸದ್ಗುಣವೆನ್ನಲಾದೀತೇ? ಪ್ರಾಣಾಪಾಯದ ಅನಿವಾರ್ಯತೆಯಲ್ಲಿ ಸಾಮಾನ್ಯ ಸಂದರ್ಭದ ನಿರ್ಬಂಧಗಳು ಸಡಿಲವಾಗುತ್ತವೆಂಬುದು ನಮ್ಮ ಧರ್ಮಶಾಸ್ತ್ರ ಬಲ್ಲವರೆಲ್ಲರೂ ಒಪ್ಪಿದ ಮಾತು. ವಿಧಾನ ತಿಳಿದ ಮಹಿಳೆ ಅಲ್ಲಿದ್ದರೆ ಆಕೆ ಮುಂದೆ ಬರಲಿ. ಇಲ್ಲದಿದ್ದರೆ ಬಳಿಯಲ್ಲಿರುವವನು ಆರಂಭಿಸಲಿ. ಉಳಿದವರು ಬೆನ್ನು ತಿರುಗಿಸಿ ಸುತ್ತಲೂ ನಿಲ್ಲಲಿ, ಒಂದು ಶಾಲನ್ನು ಅಡ್ಡ ಹಿಡಿಯಲಿ. ಪಾರ್ಕೆನ್ ಮೈದಾನದ ಆಟಗಾರರು ಕಲಿಸಿದ ಪಾಠವೇ ಇದು. ಒಳಗೆ ಜೀವ ಉಳಿಸುವ ಕೆಲಸ, ಹೊರಗೆ ಮಾನ ಕಾಯುವ ಕೆಲಸ. ಎರಡೂ ಒಟ್ಟಿಗೆ ನಡೆಯಬಹುದು. ಆ ವೃತ್ತದೊಳಕ್ಕೆ ಮೊಬೈಲ್ ಚಾಚುವವನಿಗೆ ಮಾತ್ರ ಅಲ್ಲಿ ಜಾಗವಿಲ್ಲ.

"ಮರಣದ ಗಳಿಗೆ ಬಂದರೆ ಯಾರು ತಡೆಯಬಲ್ಲರು?" ಇದು ಭಯವಲ್ಲ, ಭಕ್ತಿಯ ವೇಷ ತೊಟ್ಟ ನೆಪ. ಮರಣದ ಗಳಿಗೆಯನ್ನು ಅಲ್ಲಾಹನು ಬಲ್ಲನು. ಆದರೆ ನಾನಾಗಲಿ ನೀವಾಗಲಿ ಅದನ್ನು ಬಲ್ಲೆವೇ? ಬಿದ್ದವನ ಗಳಿಗೆ ಬಂದಿದೆಯೆಂದು ನಮಗೆ ತಿಳಿಸಿದವರು ಯಾರು? ಮಗುವಿಗೆ ಜ್ವರ ಬಂದರೆ ಔಷಧಿ ಕೊಡಿಸುವ ನಾವು, ಬಾವಿಗೆ ಬಿದ್ದವನಿಗೆ ಹಗ್ಗ ಎಸೆಯುವ ನಾವು, ಇಲ್ಲಿ ಮಾತ್ರ ವಿಧಿಯ ಮಾತನ್ನಾಡುವುದು ಸರಿಯಲ್ಲ. ಫಲ ನಮ್ಮ ಕೈಯಲ್ಲಿಲ್ಲ, ಪ್ರಯತ್ನ ನಮ್ಮ ಕೈಯಲ್ಲಿದೆ. ವಿಚಾರಣೆಯೂ ಪ್ರಯತ್ನದ ಕುರಿತೇ.

ಹೀಗೆ ಪ್ರಯತ್ನಿಸಿದ ಮೇಲೂ ಬಹುಮಂದಿ ಬದುಕುಳಿಯುವುದಿಲ್ಲ ಎಂಬುದು ಕಹಿಯಾದ ಸತ್ಯ. ಡೆನ್ಮಾರ್ಕಿನ ಅಂಕಿ ಅಂಶಗಳೂ ಅದನ್ನೇ ಹೇಳುತ್ತವೆ. ನೀವು ಸರಿಯಾಗಿ ಒತ್ತಿದ ಬಳಿಕವೂ ಅವರು ಏಳದಿದ್ದರೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ನೀವು ಅವರಿಗೊಂದು ಅವಕಾಶ ಕೊಟ್ಟಿರಿ. ಅದು ಇನ್ನಾರೂ ಕೊಡಲಾಗದಿದ್ದ ಅವಕಾಶ. ಅವರ ಮನೆಯವರಿಗೂ, "ಮಾಡಬೇಕಾದುದನ್ನೆಲ್ಲ ಮಾಡಲಾಯಿತು" ಎಂಬ ನೆಮ್ಮದಿ ಉಳಿಯಿತು.

ಮೊದಲ ರೋಗಿ ನಿಮ್ಮವರೇ

ಕೊನೆಯದಾಗಿ ಒಂದು ಮಾತು. ಸಿಪಿಆರ್ ಎಂದರೆ ಬೀದಿಯಲ್ಲಿ ಬಿದ್ದ ಅಪರಿಚಿತನಿಗೆ ಮಾಡುವ ಉಪಕಾರವೆಂದು ನಾವು ಭಾವಿಸುತ್ತೇವೆ. ಆದರೆ ಲೆಕ್ಕ ಇಟ್ಟಿರುವ ದೇಶಗಳಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಲ್ಲುವ ಹತ್ತು ಘಟನೆಗಳಲ್ಲಿ ಸುಮಾರು ಏಳು ಮನೆಯೊಳಗೇ ಸಂಭವಿಸುತ್ತವೆ. ಅಂದರೆ ಒಂದು ದಿನ ನಿಮ್ಮ ಅಂಗೈಗಳ ಕೆಳಗೆ ಇರುವ ಎದೆ ನಿಮ್ಮ ತಂದೆಯದ್ದಾಗಿರಬಹುದು, ತಾಯಿಯದ್ದಾಗಿರಬಹುದು, ಮಡದಿಯದ್ದಾಗಿರಬಹುದು. ಅಥವಾ ನೆಲದ ಮೇಲೆ ಬಿದ್ದವರು ನೀವಾಗಿದ್ದು, ಬಳಿಯಲ್ಲಿ ನಿಮ್ಮ ಹದಿನಾಲ್ಕರ ಮಗಳು ಮಾತ್ರ ನಿಂತಿರಬಹುದು. ಆಕೆ ಅಳುತ್ತ ನಿಲ್ಲಬೇಕೇ? ಅಥವಾ ಮೊಣಕಾಲೂರಿ ಎಣಿಸಲು ಆರಂಭಿಸಬೇಕೇ? ಇದನ್ನು ತೀರ್ಮಾನಿಸುವ ದಿನ ಅದಲ್ಲ, ಇಂದು.

ಆದುದರಿಂದ ಈ ಪುಟವನ್ನು ಮಡಚಿಡುವ ಮೊದಲು ಮೂರು ಕೆಲಸಗಳ ಬಗ್ಗೆ ಯೋಚಿಸಿರಿ. ಈ ವಾರ ಮನೆಯವರನ್ನೆಲ್ಲ ಕುಳ್ಳಿರಿಸಿ ಮೇಲಿನ ಆರು ಹೆಜ್ಜೆಗಳನ್ನು ಓದಿ ಹೇಳಿರಿ. ಒಂದು ಗಟ್ಟಿ ದಿಂಬನ್ನು ನೆಲದಲ್ಲಿಟ್ಟು ಪ್ರತಿಯೊಬ್ಬರೂ ಎರಡು ನಿಮಿಷ ಒತ್ತಿ ನೋಡಿರಿ. ಎದೆ ಎಚ್ಚರವಿರುವ ಮನುಷ್ಯನ ಮೇಲೆ ಇದನ್ನು ಅಭ್ಯಾಸ ಮಾಡಬಾರದು. ಬಳಿಕ ನಿಮ್ಮ ಊರಿನ ಮಸೀದಿ, ಶಾಲೆ, ಯುವಕ ಸಂಘ ಅಥವಾ ವರ್ತಕರ ಸಂಘದ ಹೊಣೆಗಾರರೊಡನೆ ಮಾತನಾಡಿ, ಸಮೀಪದ ಆಸ್ಪತ್ರೆಯಿಂದ ತರಬೇತುದಾರರನ್ನು ಕರೆಸಿ ಒಂದು ದಿನದ ತರಬೇತಿ ಏರ್ಪಡಿಸಿರಿ. ಓದಿದ್ದಕ್ಕೂ ಕೈಯಿಂದ ಮಾಡಿದ್ದಕ್ಕೂ ಬಹಳ ವ್ಯತ್ಯಾಸವಿದೆ. ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆಯನ್ನು ಮರೆಯದೆ ಮಾಡಿರಿ. ಎಲ್ಲ ಸಮುದಾಯದವರನ್ನೂ ಕರೆಯಿರಿ. ನಿಮ್ಮ ಎದೆ ನಿಂತ ದಿನ ಅದನ್ನು ಒತ್ತುವವರು ಅವರಲ್ಲಿ ಒಬ್ಬರಾಗಿರಬಹುದು.

ಮತ್ತೆ ಆ ಮದುವೆ ಮಂಟಪವನ್ನು ನೆನೆಯಿರಿ. ಅದೇ ಜನ, ಅದೇ ಗಾಬರಿ. ಆದರೆ ಈ ಸಲ ಗುಂಪನ್ನು ಸರಿಸಿ ಒಬ್ಬರು ಮುಂದೆ ಬರುತ್ತಾರೆ. ಭುಜ ತಟ್ಟಿ ನೋಡುತ್ತಾರೆ. "ನೀವು 108ಕ್ಕೆ ಕರೆ ಮಾಡಿ" ಎನ್ನುತ್ತಾರೆ. ಮೊಣಕಾಲೂರಿ ಕುಳಿತು, ಕೈಮೇಲೆ ಕೈಯಿಟ್ಟು, ಒಂದು, ಎರಡು, ಮೂರು ಎಂದು ಎಣಿಸತೊಡಗುತ್ತಾರೆ.

ಓದುಗರೇ, ಆ ಒಬ್ಬರು ನೀವಾಗಿರಿ.